‘ಬೆಳಕು ಚಾಲಿತ ಔಷಧ ವಿತರಣೆ’: ಕಿವಿಗೆ ಕೇಳುವ ಕನ್ನಡದಲ್ಲಿ ಇದಕ್ಕೆ ಏನನ್ನಬೇಕು?

ಪ್ರಶ್ನೆ – ತೀರ್ಥಹಳ್ಳಿಯಿಂದ

ಬಲ್ಲವರೆಲ್ಲರಿಗೂ ನಮಸ್ಕಾರ. ಹತ್ತು ನಿಮಿಷದ ಒಂದು ರೇಡಿಯೋ ಭಾಷಣದ ಕರಡು ತಿದ್ದಬೇಕಾಗಿದೆ. ವಿಷಯ ಇಷ್ಟು: ನ್ಯಾನೋವಸ್ತು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ಸೇರಿಸಿ ಮಾಡಿದ ಕ್ಯಾಪ್ಸೂಲಿನೊಳಗೆ ಔಷಧ ತುಂಬಿ ಮೈಯೊಳಗೆ ಬಿಡುವುದು, ಅದು ಬೇಕಾದ ಜಾಗಕ್ಕೆ ಸೇರಿದ ಮೇಲೆ ಹೊರಗಿನಿಂದ ಬೆಳಕು ಹಾಯಿಸಿ ತೆರೆಯುವುದು. ಕರಡಿನ ಮೊದಲ ವಾಕ್ಯ ಈಗ ಹೀಗಿದೆ:

“ನ್ಯಾನೋ ಗುಳಿಗೆ ಆಧಾರಿತ ಬೆಳಕು ಚಾಲಿತ ಔಷಧ ವಿತರಣಾ ವ್ಯವಸ್ಥೆಯಲ್ಲಿ ಸಮೀಪ ಅವಗೆಂಪು ಕಿರಣಗಳ ಮೂಲಕ ಉಂಟಾಗುವ ದ್ಯುತಿಉಷ್ಣ ಪರಿಣಾಮದಿಂದ ಔಷಧದ ಬಿಡುಗಡೆಯು ಪ್ರಚೋದಿಸಲ್ಪಡುತ್ತದೆ.”

ಒಂದೊಂದೇ ಪದ ತೆಗೆದು ನೋಡಿದರೆ ಎಲ್ಲವೂ ಕನ್ನಡವೇ. ಒಟ್ಟಿಗೆ ಓದಿದರೆ ತಾಲ್ಲೂಕು ಕಚೇರಿಯ ಸುತ್ತೋಲೆ. ಕೇಳುವವರು ಅಡಿಕೆ ಸುಲಿಯುತ್ತಲೋ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಲೋ ಇರುವವರು. ಒಮ್ಮೆ ಕಿವಿಗೆ ಬಿದ್ದದ್ದು ತಿಳಿಯಬೇಕು, ಪುಟ ಹಿಂದಕ್ಕೆ ತಿರುಗಿಸುವ ಅನುಕೂಲ ಅವರಿಗಿಲ್ಲ.

‘ವಿತರಣೆ’ ಬಿಟ್ಟರೆ ರವಾನೆ, ಸಾಗಣೆ, ಪೂರೈಕೆ ಇವೆ, ಯಾವುದೂ ಕೂರುತ್ತಿಲ್ಲ. ‘ಚಾಲಿತ’ವೋ ‘ಪ್ರಚೋದಿತ’ವೋ? ಕ್ಯಾಪ್ಸೂಲಿಗೆ ಗುಳಿಗೆ ಅನ್ನಬಹುದೇ, ಕೋಶ ಅನ್ನಬಹುದೇ, ಸಂಪುಟ ಅನ್ನಬಹುದೇ? ಇನ್ನೊಂದು ತೊಡಕು: ಕರಡಿನ ಕೊನೆಯ ಭಾಗದಲ್ಲಿ ‘ಡೋಸ್’ ಅನ್ನುವ ಪದ ಔಷಧಕ್ಕೂ ಬರುತ್ತದೆ, ಬೆಳಕಿಗೂ ಬರುತ್ತದೆ. ಎರಡನ್ನೂ ‘ಪ್ರಮಾಣ’ ಅಂದರೆ ಕೇಳುವವರಿಗೆ ಕಲಸುಮೇಲೋಗರ. ದಯವಿಟ್ಟು ದಾರಿ ತೋರಿಸಿ.

ಉತ್ತರ – ಶಂಕರಘಟ್ಟದಿಂದ

ಮೇಷ್ಟ್ರೇ, ಪದ ಹುಡುಕುವುದಕ್ಕೆ ಮುಂಚೆ ಇಲ್ಲಿ ಯಾರು ಏನು ಕೆಲಸ ಮಾಡುತ್ತಾರೆ ಅನ್ನುವುದನ್ನು ಬಿಡಿಸಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಔಷಧ ಹೊರುವುದು ರಕ್ತ. ಹಿಡಿದಿಟ್ಟುಕೊಳ್ಳುವುದು ಕ್ಯಾಪ್ಸೂಲು. ಬೆಳಕು ಹೊರುವುದೂ ಇಲ್ಲ, ಓಡಿಸುವುದೂ ಇಲ್ಲ. ಬಾಗಿಲ ಅಗುಳಿ ತೆಗೆಯುತ್ತದೆ, ಅಷ್ಟೇ. ‘ವಿದ್ಯುತ್ ಚಾಲಿತ’ ಪಂಪ್‌ಸೆಟ್ಟಿನಲ್ಲಿ ಕರೆಂಟು ಹೋದರೆ ನೀರು ನಿಂತಿತು. ಇಲ್ಲಿ ಹಾಗಲ್ಲ. ಗೋಡೆ ಒಡೆಯುವ ಜಾತಿಯ ಕ್ಯಾಪ್ಸೂಲಾದರೆ ಬೆಳಕು ಆರಿಸಿದ ಮೇಲೂ ಔಷಧ ಬರುತ್ತಲೇ ಇರುತ್ತದೆ. ಆದ್ದರಿಂದ ‘ಚಾಲಿತ’ ತಪ್ಪು ಅರ್ಥ ಕೊಡುತ್ತದೆ. ‘ಪ್ರಚೋದಿತ’ಕ್ಕೆ ಶಾಲೆಯ ಜೀವಶಾಸ್ತ್ರದಲ್ಲಿ ಜಾಗ ಇದೆ, ಆದರೆ ರೇಡಿಯೋದಲ್ಲಿ ಕೇಳಿದವರಿಗೆ ನೆನಪಾಗುವುದು ‘ಪ್ರಚೋದನಕಾರಿ ಭಾಷಣ’.

‘ವಿತರಣೆ’ಯ ತಪ್ಪು ಇನ್ನೂ ದೊಡ್ಡದು. ಅದು ನ್ಯಾಯಬೆಲೆ ಅಂಗಡಿಯ ಮಾತು, ಒಂದು ಕಡೆ ಇದ್ದದ್ದನ್ನು ಹತ್ತು ಕಡೆಗೆ ಹಂಚುವುದು. ಇಲ್ಲಿ ಬೇಕಾದದ್ದು ನೇರ ತಿರುಗುಮುರುಗು: ಮೈಗೆಲ್ಲ ಹಂಚಿಹೋಗುವ ಔಷಧವನ್ನು ಹಂಚಿಹೋಗದಂತೆ ತಡೆದು ಒಂದೇ ಕಡೆ ಇಳಿಸುವುದು. ಸಾಲದ್ದಕ್ಕೆ ಔಷಧಶಾಸ್ತ್ರದಲ್ಲಿ ‘ವಿತರಣೆ’ಗೆ ಬೇರೆಯದೇ ಕೆಲಸ ಇದೆ; ರಕ್ತಕ್ಕೆ ಸೇರಿದ ಔಷಧ ಅಂಗಾಂಗಗಳಿಗೆ ಹರಡಿಕೊಳ್ಳುವುದಕ್ಕೇ ಆ ಹೆಸರು. ಹಾಗಾಗಿ ‘ಔಷಧ ವಿತರಣೆ’ ಅಂತ ಬರೆದ ಲೇಖನ ಒಂದು ಪುಟ ದಾಟುವುದರೊಳಗೆ ತನ್ನ ಕಾಲಿಗೆ ತಾನೇ ಎಡವುತ್ತದೆ. ‘ತಲುಪಿಸುವುದು’ ಸಾಕು. ನಾಮಪದವೇ ಬೇಕು ಅನ್ನುವ ಹಟ ಯಾಕೆ? ‘ಔಷಧವನ್ನು ತಲುಪಿಸುವ ಬಗೆ’ ಅಂದರೆ ಯಾರಿಗೂ ತೊಡಕಿಲ್ಲ.

ಇನ್ನು ನ್ಯಾನೋ. ‘ನ್ಯಾನೋ ಗುಳಿಗೆ’ ಅಂದರೆ ಗುಳಿಗೆಯೇ ನ್ಯಾನೋ ಗಾತ್ರದ್ದು ಅಂತಾಯಿತು. ಆದರೆ ‘ನ್ಯಾನೋವಸ್ತು ಸೇರಿಸಿ ಮಾಡಿದ ಕ್ಯಾಪ್ಸೂಲು’ ಹಾಗೇ ಇರಬೇಕಾಗಿಲ್ಲ. ಲಿಪೊಸೋಮ್ ಅನ್ನುವ ಕೊಬ್ಬಿನ ಪೊರೆಯ ಚೀಲ ಸುಮಾರು 100 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಇರುತ್ತದೆ, ಅದು ನಿಜಕ್ಕೂ ನ್ಯಾನೋ. ಇನ್ನೊಂದು ಜಾತಿ, ಪದರದ ಮೇಲೆ ಪದರ ಹೊದಿಸಿ ಕಟ್ಟುವ ಪಾಲಿಮರ್ ಚಿಪ್ಪು. 1998ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಮಾಡಿ ತೋರಿಸಿದ್ದು. ಅದು ಎಷ್ಟೋ ಸಲ ಮೂರರಿಂದ ಐದು ಮೈಕ್ರೋಮೀಟರ್ ಇರುತ್ತದೆ, ಅಂದರೆ ಲಿಪೊಸೋಮಿನ ಮೂವತ್ತರಿಂದ ಐವತ್ತು ಪಟ್ಟು ಅಗಲ. ಅದರಲ್ಲಿ ನ್ಯಾನೋ ಆಗಿರುವುದು ಗೋಡೆಯೊಳಗೆ ಸಿಕ್ಕಿಸಿದ ಚಿನ್ನದ ಕಣ ಮಾತ್ರ.

ಅದನ್ನು ಕಟ್ಟುವ ಕ್ರಮ ನೋಡಿದರೆ ಪದಗಳೂ ತಾವಾಗಿ ಸಿಗುತ್ತವೆ. 0.33 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್, ಅಷ್ಟೇ ಸಾಂದ್ರತೆಯ ಸೋಡಿಯಂ ಕಾರ್ಬೊನೇಟ್, ಎರಡನ್ನೂ ಸಮಪಾಲು ಒಟ್ಟಿಗೆ ಸುರಿದು ಅರ್ಧ ನಿಮಿಷ ಜೋರಾಗಿ ಕಲಕಬೇಕು. ಪಾತ್ರೆ ಹಾಲಿನಂತೆ ಬೆಳ್ಳಗಾಗುತ್ತದೆ. ಅದರಲ್ಲಿ ತೇಲುತ್ತಿರುವುದು ರಂಧ್ರ ರಂಧ್ರವಾದ ದುಂಡನೆಯ ಸುಣ್ಣಕಲ್ಲಿನ ಕಣಗಳು. ವ್ಯಾಟರೈಟ್ ಅಂತ ಹೆಸರು. ಮೊದಲೇ ಪ್ರೋಟೀನ್ ಬೆರೆಸಿಟ್ಟಿದ್ದರೆ ಅದು ಈ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಇಲ್ಲಿ ತಡ ಮಾಡಬಾರದು. ನೀರಿನಲ್ಲೇ ಬಹಳ ಹೊತ್ತು ಬಿಟ್ಟರೆ ದುಂಡು ಕಣ ಕರಗಿ, ಮೂಲೆಮೂಲೆಯ ಕ್ಯಾಲ್ಸೈಟ್ ಹರಳಾಗಿ ಮತ್ತೆ ಕೂರುತ್ತದೆ; ಒಳಗಿದ್ದದ್ದು ಹೊರಬೀಳುತ್ತದೆ. ಆಮೇಲೆ ಋಣ ಆವೇಶದ ಪಾಲಿಸ್ಟೈರೀನ್ ಸಲ್ಫೊನೇಟ್ ಒಂದು ಪದರ, ಧನ ಆವೇಶದ ಪಾಲಿಅಲೈಲಮೀನ್ ಒಂದು ಪದರ. ಪ್ರತಿಯೊಂದೂ ಮಿಲಿಲೀಟರಿಗೆ 2 ಮಿಲಿಗ್ರಾಂನಂತೆ, 0.5 ಮೋಲಾರ್ ಉಪ್ಪುನೀರಿನಲ್ಲಿ. ಒಂದೊಂದಕ್ಕೆ 15 ನಿಮಿಷ. ನಡುವೆ ಸೆಂಟ್ರಿಫ್ಯೂಜಿನಲ್ಲಿ ಇಳಿಸಿ ಮೂರು ಸಲ ತೊಳೆಯಬೇಕು. ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ಉಳಿದ ಪಾಲಿಮರು ಮುಂದಿನದಕ್ಕೆ ಅಂಟಿಕೊಂಡು ಹಾಲು ಒಡೆದ ಹಾಗೆ ಗಂಟುಗಂಟಾಗುತ್ತದೆ. ನಡುವಿನ ಒಂದು ಪದರಕ್ಕೆ ಚಿನ್ನ. ಕೊನೆಗೆ 0.2 ಮೋಲಾರ್ ಇಡಿಟಿಎ (ಕ್ಯಾಲ್ಸಿಯಂ ಸೆಳೆದುಕೊಳ್ಳುವ ರಾಸಾಯನಿಕ), ಪಿಎಚ್ 7.5ರ ಆಸುಪಾಸು, ಒಳಗಿನ ಸುಣ್ಣಕಲ್ಲು ಕರಗಿ ಹೋಗಿ ಟೊಳ್ಳು ಚಿಪ್ಪು ಉಳಿಯುತ್ತದೆ. ಈ ಕರಗಿ ಹೋಗುವ ತಿರುಳಿಗೆ ‘ಬಲಿದಾನಿ ಅಚ್ಚು’ ಅಂತ ಎಲ್ಲೋ ಅನುವಾದ ಕಂಡಿತು. ಹುತಾತ್ಮರ ಸ್ಮಾರಕದಂತಿದೆ! ‘ಕರಗಚ್ಚು’ ಅನ್ನಿ, ಸಾಕು.

ಈ ಚಿಪ್ಪಿನ ಒಂದು ದೋಷವನ್ನು ಭಾಷಣದಲ್ಲಿ ಹೇಳಲೇಬೇಕು. ಪ್ರೋಟೀನಿನಂಥ ದೊಡ್ಡ ಅಣುವನ್ನು ಅದು ಹಿಡಿದಿಡುತ್ತದೆ. ಮಾಮೂಲಿ ಔಷಧದ ಸಣ್ಣ ಅಣುಗಳು ಬೆಳಕು ಬೀಳುವ ಮುಂಚೆಯೇ ಗೋಡೆಯ ಸಂದಿನಲ್ಲಿ ಸೋರಿಹೋಗುತ್ತವೆ.

‘ಸೋರು’ ಅಂದೆ ನೋಡಿ, ಅಲ್ಲಿಂದಲೇ ನನ್ನ ಮುಖ್ಯ ಮಾತು. ಕರಡಿನಲ್ಲಿ ಎಲ್ಲಕ್ಕೂ ‘ಬಿಡುಗಡೆ’ ಅನ್ನುವ ಒಂದೇ ನಾಮಪದ ಇದೆ. ಬಿಡುಗಡೆ ಆಗುವುದು ಸಿನಿಮಾ, ಕೈದಿ, ಸರ್ಕಾರದ ಅನುದಾನ. ಕನ್ನಡದ ಬಲ ಕ್ರಿಯಾಪದದಲ್ಲಿದೆ, ಮಳೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಡದಿದ್ದರೂ ಸಂದಿನಲ್ಲಿ ಹೋದರೆ ಸೋರುವುದು. ಗೋಡೆಯ ಮೈಯಿಂದ ಸಮನಾಗಿ, ನಿಧಾನಕ್ಕೆ ಬಂದರೆ ಒಸರುವುದು, ಆಷಾಢದಲ್ಲಿ ಧರೆಯಿಂದ ಒರತೆ ಬಂದ ಹಾಗೆ. ಒಂದೇ ಏಟಿಗೆ ಒಡೆದು ಚೆಲ್ಲಿದರೆ ಸಿಡಿಯುವುದು, ಕರ್ಣಕುಂಡಲದ ಬಲಿತ ಕಾಯಿ ಮುಟ್ಟಿದಾಗ ಆಗುವಂತೆ. ಬೆಳಕು ಬಿದ್ದಾಗ ತೆರೆದು, ಆರಿಸಿದಾಗ ಮುಚ್ಚಿಕೊಳ್ಳುವಂಥದ್ದಾದರೆ ಬಾಯಿಬಿಡುವುದು, ಬಾಯಿಮುಚ್ಚುವುದು. ಇಂಗ್ಲಿಷಿನವರು ಒಂದೇ ನಾಮಪದಕ್ಕೆ ನಾಲ್ಕು ವಿಶೇಷಣ ಅಂಟಿಸಿ ಹೇಳುವುದನ್ನು ನಾವು ನಾಲ್ಕು ಬರೀ ಕ್ರಿಯಾಪದದಲ್ಲಿ ಹೇಳಬಹುದು. ಹೇಳದೆ ‘ಬಿಡುಗಡೆಯು ಪ್ರಚೋದಿಸಲ್ಪಡುತ್ತದೆ’ ಅಂತ ಬರೆಯುವುದು ಮನೆಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ.

ಯಾವ ಕ್ರಿಯಾಪದ ಅನ್ನುವುದು ಬೆಳಕು ಅಲ್ಲಿ ಏನು ಮಾಡುತ್ತದೆ ಅನ್ನುವುದರ ಮೇಲೆ ನಿಂತಿದೆ. ಮೊದಲನೆಯ ಬಗೆ, ಕಾವು. ಚಿನ್ನದ ನ್ಯಾನೋ ಕಡ್ಡಿ ಬೆಳಕು ನುಂಗಿ ಕಾಯುತ್ತದೆ; ಡಿಪಿಪಿಸಿ ಅನ್ನುವ ಕೊಬ್ಬಿನ ಪೊರೆ 41 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿತನ ಕಳೆದುಕೊಂಡು ಬಾಯಿಬಿಡುತ್ತದೆ. ಮೈಯ ಬಿಸಿ 37, ಜೋರು ಜ್ವರ 40. ನಡುವೆ ಇರುವ ಅಂತರ ಎಷ್ಟು ಕಡಿಮೆ ಅಂತ ನೀವೇ ನೋಡಿ. ಎರಡನೆಯದು, ಕೊಂಡಿ ಕಡಿಯುವುದು: ನೈಟ್ರೊಬೆಂಜೈಲ್ ಜಾತಿಯ ಬಂಧ 365 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಬೆಳಕಿಗೆ ಕತ್ತರಿಸಿಹೋಗುತ್ತದೆ, ಮತ್ತೆ ಕೂಡುವುದಿಲ್ಲ. ಮೂರನೆಯದು, ಮಗ್ಗುಲು ಬದಲಿಸುವುದು: ಅಜೊಬೆಂಜೀನ್ ಅಣು ಅತಿನೇರಳೆಗೆ ಬಾಗುತ್ತದೆ, ನೀಲಿ ಬೆಳಕಿಗೆ ಮತ್ತೆ ನೆಟ್ಟಗಾಗುತ್ತದೆ. ತೆರೆದು ಮುಚ್ಚುವ ಆಟ ಇದರಲ್ಲಿ ಸಾಧ್ಯ. ಆದರೆ ಅತಿನೇರಳೆ ಚರ್ಮದೊಳಗೆ ಒಂದು ಮಿಲಿಮೀಟರೂ ಇಳಿಯುವುದಿಲ್ಲ, ಜೀವಕೋಶಕ್ಕೂ ಕೆಟ್ಟದ್ದು. ಅದಕ್ಕೇ ಹಲವು ಕೆಂಪಿನಾಚೆಯ ಫೋಟಾನ್ ನುಂಗಿ ಒಂದು ಅತಿನೇರಳೆ ಫೋಟಾನ್ ಉಗುಳುವ ಕಣಗಳನ್ನು, ಯಿಟರ್ಬಿಯಂ ಮತ್ತು ಥೂಲಿಯಂ ಬೆರೆಸಿ ಮಾಡಿದವನ್ನು, ಮಧ್ಯವರ್ತಿಯಾಗಿ ಇಡುತ್ತಾರೆ. ಈ ಭಾಗ ರೇಡಿಯೋಗೆ ಬೇಡ ಬಿಡಿ.

‘ದ್ಯುತಿಉಷ್ಣ’ ಬೇಡವೇ ಬೇಡ. ದ್ಯುತಿಗೆ ದ್ಯುತಿಸಂಶ್ಲೇಷಣೆಯಿಂದ ಒಂದಿಷ್ಟು ಪರಿಚಯ ಇದೆ, ತೊಂದರೆ ಉಷ್ಣದ್ದು. ನಮ್ಮ ಮನೆಗಳಲ್ಲಿ ಉಷ್ಣ ಅಂದರೆ ಹಲಸಿನಹಣ್ಣು ಹೆಚ್ಚು ತಿಂದರೆ ಆಗುವಂಥದ್ದು. ‘ಬೆಳಕಿನ ಕಾವು’ ಅಂದರೆ ಹದವಾದ, ಸುಡದ ಬಿಸಿ ಅನ್ನುವುದೂ ಬಂತು, ಕೋಳಿ ಕಾವಿಗೆ ಕೂತ ಹಾಗೆ.

‘ಕಿರಣ’ವನ್ನೂ ತೆಗೆಯಿರಿ. ಕ್ಯಾನ್ಸರಿನ ಮಾತಿನ ನಡುವೆ ಕಿರಣ ಅಂದರೆ ಊರ ಕಡೆಯವರಿಗೆ ‘ಕರೆಂಟು ಕೊಡುವುದು’ ನೆನಪಾಗುತ್ತದೆ. ಇದು ಅದಲ್ಲ. ಬೆಳಕು ಅನ್ನಿ. ಕಣ್ಣಿಗೆ ಕಾಣದ್ದನ್ನು ಬೆಳಕು ಅನ್ನಬಹುದೇ ಅಂತ ಕೇಳಿದರೆ, ‘ಕೆಂಪಿನಾಚೆಯ ಬೆಳಕು’ ಅನ್ನಬಹುದು. ‘ಸಮೀಪ ಅವಗೆಂಪು’ ಕೇಳಿದವರು ಯಾವುದಕ್ಕೆ ಸಮೀಪ ಅಂತ ಹುಡುಕುತ್ತಾ ಕೂರುತ್ತಾರೆ. ಆ ಬೆಳಕೇ ಯಾಕೆ ಅನ್ನುವುದಕ್ಕೆ ಮನೆಯಲ್ಲೇ ಪುರಾವೆ ಇದೆ: ಕತ್ತಲೆಯಲ್ಲಿ ಬೆಳ್ಳನೆಯ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದರೆ ಬೆರಳಂಚು ಕೆಂಪಗೆ ಕಾಣುತ್ತದೆ. ಹಸಿರು, ನೀಲಿಯನ್ನು ರಕ್ತ ನುಂಗಿತು, ಕೆಂಪು ದಾಟಿತು. ಸುಮಾರು 650ರಿಂದ 950 ನ್ಯಾನೋಮೀಟರ್ ತನಕ ಈ ದಾರಿ ತೆರೆದಿದೆ. ಅದರಾಚೆ ನೀರು ನುಂಗಲು ಶುರುಮಾಡುತ್ತದೆ. 980ರ ಲೇಸರು ಹಿಡಿದರೆ ಚಿನ್ನ ಇಲ್ಲದಿದ್ದರೂ ನೀರೇ ಕಾಯುತ್ತದೆ. ಆದ್ದರಿಂದ ‘ಚಿನ್ನವಿಲ್ಲದ ಕ್ಯಾಪ್ಸೂಲು, ಬೆಳಕು ಉಂಟು’, ‘ಚಿನ್ನವಿರುವ ಕ್ಯಾಪ್ಸೂಲು, ಬೆಳಕು ಇಲ್ಲ’ ಈ ಎರಡು ಹೋಲಿಕೆ ಇಲ್ಲದ ಫಲಿತಾಂಶವನ್ನು ನಂಬಬಾರದು.

ಒಂದು ಎಚ್ಚರಿಕೆ: ‘ಚಿನ್ನದ ಕಣ’ ಅಂತ ಬರೆದು ಪಕ್ಕದಲ್ಲಿ 808 ನ್ಯಾನೋಮೀಟರ್ ಲೇಸರ್ ಅಂತ ಬರೆಯಬೇಡಿ. 20 ನ್ಯಾನೋಮೀಟರಿನ ದುಂಡು ಚಿನ್ನ ನುಂಗುವುದು 520ರ ಹತ್ತಿರದ ಹಸಿರನ್ನು. ಅದರ ದ್ರಾವಣ ಕುಂಕುಮದ ನೀರಿನಂತೆ ಕಾಣುವುದು ಅದಕ್ಕೇ. 800ರ ಹತ್ತಿರ ನುಂಗಬೇಕಾದರೆ ಉದ್ದ ಅಗಲದ ನಾಲ್ಕು ಪಟ್ಟು ಇರುವ ಕಡ್ಡಿ ಬೇಕು. ಜೋರು ಪಲ್ಸ್ ಲೇಸರ್ ಬಿಟ್ಟರೆ ಆ ಕಡ್ಡಿಯೂ ಕರಗಿ ದುಂಡಗಾಗುತ್ತದೆ, ಎರಡನೇ ಸಲ ಬೆಳಕು ಬಿಟ್ಟರೆ ಏನೂ ಆಗುವುದಿಲ್ಲ. ಕಡ್ಡಿ ಬೆಳೆಸಲು ಹಾಕುವ ಸೀಟ್ಯಾಬ್ ಅನ್ನುವ ಸಾಬೂನಿನಂಥ ವಸ್ತು ಜೀವಕೋಶಕ್ಕೆ ವಿಷ. ಅದನ್ನು ತೊಳೆದು ಪಾಲಿಎಥಿಲೀನ್ ಗ್ಲೈಕಾಲ್ ಹೊದಿಸದಿದ್ದರೆ ಕೋಶ ಸತ್ತದ್ದು ಔಷಧದಿಂದಲೋ ಸೀಟ್ಯಾಬಿನಿಂದಲೋ ಹೇಳಲಾಗದು.

ಉತ್ತರ – ಶಿವಮೊಗ್ಗದಿಂದ, ಔಷಧಾಲಯದ ಕಡೆಯಿಂದ

ಮೇಷ್ಟ್ರಿಗೆ ನಮಸ್ಕಾರ. ಶಂಕರಘಟ್ಟದ ಸರ್ ಹೇಳಿದ ‘ಬಾಯಿಬಿಡು’ ಒಪ್ಪಿಗೆ. ಆದರೆ ಕರಡಿನಲ್ಲಿ ‘ಈಗಾಗಲೇ ಬಳಕೆಯಲ್ಲಿರುವ ಉದಾಹರಣೆ’ ಅಂತ ವರ್ಟಿಪೋರ್ಫಿನ್ ಹೆಸರು ಹಾಕುವ ಯೋಚನೆ ಇದ್ದರೆ ಇನ್ನೊಂದು ಕ್ರಿಯಾಪದ ಬೇಕಾಗುತ್ತದೆ. ಅಮೆರಿಕದಲ್ಲಿ 2000ದಲ್ಲಿ ಒಪ್ಪಿಗೆ ಸಿಕ್ಕಿದ, ಕಣ್ಣಿನ ಹಿಂಪರದೆಯ ಕಾಯಿಲೆಗೆ ಕೊಡುವ, ಲಿಪೊಸೋಮಿನಲ್ಲೇ ಬರುವ ಔಷಧ ಅದು. ಅಲ್ಲೂ ಬೆಳಕು ಇದೆ, ಕೊಬ್ಬಿನ ಚೀಲವೂ ಇದೆ. ಆದರೆ ಬೆಳಕು ಚೀಲವನ್ನು ತೆರೆಯುವುದಿಲ್ಲ. ಔಷಧ ಅಷ್ಟರಲ್ಲಿ ಚೀಲ ಬಿಟ್ಟು ರಕ್ತದ ಕೊಬ್ಬಿನ ಕಣಗಳಿಗೆ ಸೇರಿಕೊಂಡಿರುತ್ತದೆ. ಬೆಳಕು ಬಿದ್ದಾಗ ಔಷಧವೇ ಎಚ್ಚರಗೊಂಡು ಪಕ್ಕದ ಆಮ್ಲಜನಕವನ್ನು ಕೆರಳಿಸುತ್ತದೆ. ‘ಬೆಳಕಿಗೆ ಬಾಯಿಬಿಡುವ ಚೀಲ’ ಬೇರೆ, ‘ಬೆಳಕಿಗೆ ಎಚ್ಚರಗೊಳ್ಳುವ ಔಷಧ’ ಬೇರೆ. ಪತ್ರಿಕೆಗಳಲ್ಲಿ ಎರಡನ್ನೂ ಒಂದೇ ಗೋಣಿಗೆ ತುಂಬುತ್ತಾರೆ.

ಡೋಸಿನ ತೊಡಕಿಗೂ ಇದೇ ಔಷಧದ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಔಷಧ: ಮೈಯ ಮೇಲ್ಮೈಯ ಚದರ ಮೀಟರಿಗೆ 6 ಮಿಲಿಗ್ರಾಂ, ಒಟ್ಟು 30 ಮಿಲಿಲೀಟರಾಗುವಂತೆ ತೆಳುಮಾಡಿ 10 ನಿಮಿಷ ರಕ್ತನಾಳಕ್ಕೆ. ಬೆಳಕು: ಔಷಧ ಹಾಯಿಸಲು ಶುರುಮಾಡಿದ 15ನೇ ನಿಮಿಷಕ್ಕೆ, 689 ನ್ಯಾನೋಮೀಟರ್, ಚದರ ಸೆಂಟಿಮೀಟರಿಗೆ 600 ಮಿಲಿವ್ಯಾಟ್, 83 ಸೆಕೆಂಡ್. ಗುಣಿಸಿದರೆ ಚದರ ಸೆಂಟಿಮೀಟರಿಗೆ 50 ಜೂಲ್. ಅಂದರೆ ಬೆಳಕಿಗೆ ಒಂದಲ್ಲ, ಎರಡು ಅಳತೆ. ನಮ್ಮ ಕಡೆ ಮಳೆಗೆ ಈ ಎರಡಕ್ಕೂ ಪದ ಇದೆ: ಮಳೆಯ ಬಿರುಸು ಬೇರೆ, ಬೆಳಿಗ್ಗೆ ಅಳೆದು ಬರೆದುಕೊಳ್ಳುವ ಮೊತ್ತ ಬೇರೆ. 600 ಮಿಲಿವ್ಯಾಟ್ ಬೆಳಕಿನ ಬಿರುಸು, 50 ಜೂಲ್ ಬೆಳಕಿನ ಮೊತ್ತ. ‘ಡೋಸ್’ ಔಷಧಕ್ಕೆ ಮಾತ್ರ ಇರಲಿ.

ಈ ಭೇದ ಬರೀ ಪದದ ಚೊಕ್ಕಟತನಕ್ಕಲ್ಲ. 50 ಮಿಲಿವ್ಯಾಟನ್ನು 1000 ಸೆಕೆಂಡ್ ಬಿಟ್ಟರೂ ಮೊತ್ತ ಅದೇ 50 ಜೂಲ್. ಆದರೆ ಕಾವಿನಿಂದ ಬಾಯಿಬಿಡುವ ಕ್ಯಾಪ್ಸೂಲಿಗೆ ಅದು ಸಾಲದು. ಹರಿಯುವ ರಕ್ತ ಆ ಕಾವನ್ನು ಕೂಡಲೇ ಹೊತ್ತೊಯ್ಯುತ್ತದೆ, 41 ಡಿಗ್ರಿ ಮುಟ್ಟುವುದೇ ಇಲ್ಲ. ಜಿಟಿಜಿಟಿ ಮಳೆಗೆ ಹೊಳೆ ಏರುವುದಿಲ್ಲವಲ್ಲ, ಹಾಗೆ. ಅತ್ತ ಬಿರುಸು ಹೆಚ್ಚಿಸೋಣ ಅಂದರೆ ಚರ್ಮ ತಾಳಬೇಕು. 808 ನ್ಯಾನೋಮೀಟರಿಗೆ ಸುರಕ್ಷತೆಯ ಮಿತಿ ಚದರ ಸೆಂಟಿಮೀಟರಿಗೆ ಸುಮಾರು 0.33 ವ್ಯಾಟ್. ಇಲಿಯ ಮೇಲೆ 1 ವ್ಯಾಟ್, 2 ವ್ಯಾಟ್ ಬಿಟ್ಟು ‘ಯಶಸ್ವಿ’ ಅಂತ ಬರೆದದ್ದನ್ನು ಓದುವಾಗ ಈ ಅಂಕಿ ಪಕ್ಕದಲ್ಲಿರಲಿ.

ಕರಡಿನಲ್ಲಿ ವರ್ಟಿಪೋರ್ಫಿನ್ ಇಟ್ಟುಕೊಂಡರೆ ಇನ್ನೆರಡು ಮಾತಿನ ಬಗ್ಗೆ ಎಚ್ಚರ. ‘ಸಲೈನ್’ ಅಂತ ಬರೆಯಬೇಡಿ. ಬಾಯಿಮಾತಿನಲ್ಲಿ ಬಾಟಲಿಯಲ್ಲಿ ಹಾಕುವುದೆಲ್ಲ ಸಲೈನೇ ಆದರೂ, ಈ ಔಷಧ ಉಪ್ಪಿನ ಸಲೈನಿನಲ್ಲಿ ಗಸಿಯಾಗಿ ಕೂರುತ್ತದೆ. 7 ಮಿಲಿಲೀಟರ್ ಶುದ್ಧ ಇಂಜೆಕ್ಷನ್ ನೀರಿನಲ್ಲಿ ಕಲಸಿ, 5 ಶೇಕಡಾ ಡೆಕ್ಸ್‌ಟ್ರೋಸಿನಲ್ಲೇ ತೆಳುಮಾಡಬೇಕು. ಕಲಸಿದ್ದನ್ನು ಬೆಳಕು ತಾಗದಂತೆ ಇಟ್ಟು 4 ಗಂಟೆಯೊಳಗೆ ಮುಗಿಸಬೇಕು. ಇನ್ನೊಂದು, ‘5 ದಿನ ಕತ್ತಲಲ್ಲಿರಬೇಕು’ ಅನ್ನುವ ಅನುವಾದ. ತಪ್ಪು. 5 ದಿನ ಬಿಸಿಲಿಗೂ, ಹ್ಯಾಲೊಜೆನ್‌ನಂಥ ಕಣ್ಣು ಕುಕ್ಕುವ ದೀಪಕ್ಕೂ ಮೈ ಒಡ್ಡಬಾರದು ನಿಜ. ಆದರೆ ಮನೆಯೊಳಗಿನ ಮಂದ ಬೆಳಕು ಬೇಕೇ ಬೇಕು, ಚರ್ಮದಲ್ಲಿ ಉಳಿದ ಔಷಧ ಬಣ್ಣಗೆಟ್ಟು ಸಾಯುವುದು ಅದರಿಂದಲೇ. ಆಗುಂಬೆಯ ಜುಲೈ ತಿಂಗಳಲ್ಲಿ ಇದಕ್ಕೆ ಪ್ರತ್ಯೇಕ ಏರ್ಪಾಡೇನೂ ಬೇಕಾಗಲಿಕ್ಕಿಲ್ಲ!

ಉತ್ತರ – ಸಾಗರದಿಂದ

ಕ್ಯಾಪ್ಸೂಲಿಗೆ ಯಾರೂ ಇನ್ನೂ ಕೈ ಹಾಕಿಲ್ಲ. ಗುಳಿಗೆ ಅಂದರೆ ಗಟ್ಟಿ ಉಂಡೆ, ಒಳಗೂ ಹೊರಗೂ ಒಂದೇ. ಕೋಶ ಅಂದರೆ ಜೀವಕೋಶಕ್ಕೆ ಡಿಕ್ಕಿ. ‘ಕೋಶವು ಕೋಶವನ್ನು ಪ್ರವೇಶಿಸಿ’ ಅನ್ನುವ ವಾಕ್ಯ ಬಂದೇ ಬರುತ್ತದೆ. ಸಂಪುಟದಲ್ಲಿ ಮಂತ್ರಿಗಳು ಕೂತಿದ್ದಾರೆ. ‘ಕರಡಿಗೆ’, ಅಂದರೆ ಇಷ್ಟಲಿಂಗ ಇಡುವ ಪುಟ್ಟ ಡಬ್ಬಿ, ಚಂದದ ಪದ, ಆದರೆ ಅದರಲ್ಲಿ ಲಿಂಗ ಇದೆ; ಅದನ್ನು ಕರಗಿಸುವ, ಸಿಡಿಸುವ ಮಾತು ಆಡಲು ಬಾಯಿ ಬರುವುದಿಲ್ಲ.

ನನ್ನ ಸೂಚನೆ ‘ಕೊಟ್ಟೆ’. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕಟ್ಟುತ್ತಿದ್ದದ್ದು ಕೊಟ್ಟೆ. ಕಡುಬಿನ ಹಿಟ್ಟು ಹೊಯ್ಯಲು ಹಲಸಿನೆಲೆಯಲ್ಲಿ ಮಾಡುವುದೂ ಕೊಟ್ಟೆ. ಒಳಗಿನದನ್ನು ಕಾಯುವ, ಕೆಲಸ ಮುಗಿದ ಮೇಲೆ ಬಿಸಾಡುವ ತೆಳುವಾದ ಹೊದಿಕೆ ಅನ್ನುವ ಅರ್ಥ ಎರಡರಲ್ಲೂ ಇದೆ. ನ್ಯಾನೋ ಗೊಂದಲವೂ ಇದರಲ್ಲಿ ಬಗೆಹರಿಯುತ್ತದೆ. ‘ಎಲೆಯ ಕೊಟ್ಟೆ’ ಅಂದಾಗ ಅದು ಎಲೆಯಿಂದ ಮಾಡಿದ್ದು ಅಂತ ತಿಳಿಯುತ್ತೇವೆಯೇ ಹೊರತು ಎಲೆಯಷ್ಟು ದೊಡ್ಡದು ಅಂತಲ್ಲ. ಹಾಗೇ ‘ನ್ಯಾನೋವಸ್ತುವಿನ ಕೊಟ್ಟೆ’ ಅಂದರೆ ಯಾತರಿಂದ ಮಾಡಿದ್ದು ಅನ್ನುವುದು, ‘ನ್ಯಾನೋ ಕೊಟ್ಟೆ’ ಅಂದರೆ ಎಷ್ಟು ಸಣ್ಣದು ಅನ್ನುವುದು. ಷಷ್ಠಿ ವಿಭಕ್ತಿಯ ಒಂದು ಅಕ್ಷರ ಇಷ್ಟು ಕೆಲಸ ಮಾಡುತ್ತದೆ.

ಕಡುಬಿನ ಕೊಟ್ಟೆ ಮಾಡುವುದನ್ನು ಹತ್ತಿರದಿಂದ ನೋಡಿ. ನಾಲ್ಕು ಎಲೆಯನ್ನು ಅಡ್ಡಡ್ಡ ಇಟ್ಟು, ಅಂಚು ಎತ್ತಿ, ಸಣ್ಣ ಕಡ್ಡಿ ಚುಚ್ಚಿ ನಿಲ್ಲಿಸುತ್ತಾರೆ. ಕಡ್ಡಿ ಕಿತ್ತರೆ ಎಲೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಶಂಕರಘಟ್ಟದವರು ಹೇಳಿದ ‘ಕೊಂಡಿ ಕಡಿಯುವ’ ಬಗೆ ಇದೇ ಅಲ್ಲವೇ? ಬೆಳಕು ಕಡ್ಡಿ ಕೀಳುತ್ತದೆ, ಕೊಟ್ಟೆ ಬಿಚ್ಚುತ್ತದೆ.

ಉತ್ತರ – ಹೊಸನಗರದಿಂದ

ಅಕ್ಕಾ, ಕೊಟ್ಟೆ ಕಣ್ಣಿಗೆ ಚಂದ, ಕಿವಿಗೆ ಅಪಾಯ. ‘ಔಷಧ ಕೊಟ್ಟೆ’ ಅಂತ ರೇಡಿಯೋದಲ್ಲಿ ಬಂದರೆ ‘ನಾನು ಔಷಧ ಕೊಟ್ಟೆ’ ಅಂತಲೇ ಕೇಳಿಸುವುದು. ‘ಔಷಧದ ಕೊಟ್ಟೆ’, ‘ಕೊಟ್ಟೆಗಳು’, ‘ಕೊಟ್ಟೆಯೊಳಗೆ’ ಹೀಗೆ ವಿಭಕ್ತಿ ಹಚ್ಚಿಯೇ ಬಳಸಬೇಕು, ಬರೀ ‘ಕೊಟ್ಟೆ’ಯಲ್ಲಿ ವಾಕ್ಯ ಮುಗಿಸಲೇಬಾರದು. ಘಟ್ಟದ ಕೆಳಗೆ, ಬಯಲುಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಪದವೂ ಅಲ್ಲ. ಮೊದಲ ಸಲ ಬಂದಾಗ ಕಡುಬನ್ನು ನೆನಪಿಸಿ ಮುಂದೆ ಹೋಗಿ.

‘ಮದ್ದು’ ಬಳಸುವ ಆಸೆ ಯಾರಿಗಾದರೂ ಇದ್ದರೆ ಈಗಲೇ ಬಿಡಿ. ಗುಟ್ಟಾಗಿ ಒಳಗೆ ಸೇರಿಸಿ ಆಮೇಲೆ ಕೆಲಸ ಮಾಡಿಸುವ ವಸ್ತುವಿಗೆ ‘ಮದ್ದು’ ಅಂದರೆ ಹಳ್ಳಿಯಲ್ಲಿ ‘ಮದ್ದು ಹಾಕಿದ್ದಾರೆ’ ಅನ್ನುವ ಅರ್ಥ ಎದ್ದು ಕೂರುತ್ತದೆ. ‘ಔಷಧಿ’ ಅಂದರೆ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ‘ಔಷಧ’ವೇ ಇರಲಿ.

ಪ್ರಶ್ನೆ ಕೇಳಿದವರಿಂದ – ತಿದ್ದಿದ ಕರಡು

ಎಲ್ಲರಿಗೂ ಉಪಕಾರ. ಈಗ ಮೊದಲ ಪ್ಯಾರಾ ಹೀಗಾಗಿದೆ, ನೋಡಿ:

“ಕಡುಬಿಗೆ ಹಲಸಿನೆಲೆಯ ಕೊಟ್ಟೆ ಮಾಡಿ ಹಿಟ್ಟು ಹೊಯ್ಯುತ್ತೇವಲ್ಲ, ಹಾಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಟ್ಟೆಯೊಳಗೆ ಔಷಧ ತುಂಬುತ್ತಾರೆ. ಕೊಟ್ಟೆಯ ಗೋಡೆ ಕೊಬ್ಬಿನದು. ಅದರಲ್ಲಿ ಚಿನ್ನದ ಸಣ್ಣ ಸಣ್ಣ ಕಡ್ಡಿಗಳು ಚುಚ್ಚಿರುತ್ತವೆ. ರಕ್ತದ ಜೊತೆ ಹರಿಯುತ್ತಾ ಕೊಟ್ಟೆಗಳು ಗಡ್ಡೆಯ ಹತ್ತಿರ ಹೋಗಿ ನಿಲ್ಲುತ್ತವೆ. ಆಗ ಹೊರಗಿನಿಂದ ಕೆಂಪಿನಾಚೆಯ ಬೆಳಕು ಹಾಯಿಸಿದರೆ ಚಿನ್ನ ಕಾಯುತ್ತದೆ, ಆ ಕಾವಿಗೆ ಕೊಟ್ಟೆ ಬಾಯಿಬಿಡುತ್ತದೆ, ಔಷಧ ಅಲ್ಲೇ ಹೊರಬರುತ್ತದೆ. ಬೆಳಕಿನ ಬಿರುಸು ಕಡಿಮೆಯಾದರೆ ಕೊಟ್ಟೆ ತೆರೆಯುವುದಿಲ್ಲ, ಹೆಚ್ಚಾದರೆ ಚರ್ಮ ಸುಡುತ್ತದೆ.”

ಕೋವಿಯ ಕುದುರೆಯ (ಟ್ರಿಗರ್) ಹೋಲಿಕೆಯೂ ತಲೆಗೆ ಬಂದಿತ್ತು. ಔಷಧದ ಮಾತಿನಲ್ಲಿ ಈಡಿನ ಸದ್ದು ಬೇಡ ಅಂತ ಬಿಟ್ಟಿದ್ದೇನೆ.

ಶಂಕರಘಟ್ಟದಿಂದ ಮತ್ತೆ

ಬಹಳ ಚೆನ್ನಾಗಿದೆ ಮೇಷ್ಟ್ರೇ. ಮೂರು ಕಡೆ ಮಾತ್ರ ಕೈಯಾಡಿಸಿ.

‘ಕೊಟ್ಟೆಗಳು ಗಡ್ಡೆಯ ಹತ್ತಿರ ಹೋಗಿ ನಿಲ್ಲುತ್ತವೆ’ ಅಂದರೆ ಎಲ್ಲವೂ ಅಲ್ಲಿಗೇ ಹೋದಂತಾಯಿತು. ಹಾಗಾಗುವುದಿಲ್ಲ, ಬಹುಪಾಲನ್ನು ಪಿತ್ತಜನಕಾಂಗ, ಗುಲ್ಮ ಹಿಡಿದುಬಿಡುತ್ತವೆ. ‘ಅವುಗಳಲ್ಲಿ ಒಂದಷ್ಟು ಗಡ್ಡೆಯ ಹತ್ತಿರ ಸೇರುತ್ತವೆ’ ಅನ್ನಿ. ಬೆಳಕು ಬೇಕಾಗುವುದೇ ಅದಕ್ಕಲ್ಲವೇ, ಉಳಿದ ಕಡೆ ನಿಂತ ಕೊಟ್ಟೆಗಳು ಮುಚ್ಚಿಯೇ ಇರಲಿ ಅಂತ.

ಚಿನ್ನದ ಕಡ್ಡಿ ‘ಚುಚ್ಚಿರುತ್ತವೆ’ ಅನ್ನುವುದು ಕಡುಬಿನ ಕಡ್ಡಿಯ ನೆನಪಿನಲ್ಲಿ ಬಂದದ್ದು. ಚಿನ್ನದ ಕಡ್ಡಿ ಕೊಟ್ಟೆಯನ್ನು ಹಿಡಿದು ನಿಲ್ಲಿಸುವುದಿಲ್ಲ, ಬಿಸಿಯಾಗುವುದಷ್ಟೇ ಅದರ ಕೆಲಸ. ‘ಅಂಟಿಕೊಂಡಿರುತ್ತವೆ’ ಮಾಡಿ. ಸಾಗರದವರು ಹೇಳಿದ ಕಡ್ಡಿ ಕೀಳುವ ಹೋಲಿಕೆಯನ್ನು ಕೊಂಡಿ ಕಡಿಯುವ ಬಗೆಗೆ ಉಳಿಸಿಕೊಳ್ಳಿ.

ಮೂರನೆಯದು ಕೇಳುಗರು ಹಿಡಿದೇ ಹಿಡಿಯುವ ತಪ್ಪು. ಕಡುಬಿನ ಕೊಟ್ಟೆ ಹಬೆಯಲ್ಲಿ ಗಂಟೆಗಟ್ಟಲೆ ಬೆಂದರೂ ಬಾಯಿಬಿಡುವುದಿಲ್ಲ. ಅಂಥದ್ದನ್ನು ಹೋಲಿಕೆಗೆ ಕೊಟ್ಟು ಮರುವಾಕ್ಯದಲ್ಲೇ ‘ಕಾವಿಗೆ ಬಾಯಿಬಿಡುತ್ತದೆ’ ಅಂದರೆ ಅಡುಗೆ ಮಾಡುವವರು ನಗುತ್ತಾರೆ. ನಡುವೆ ಈ ವಾಕ್ಯ ಸೇರಿಸಿ: “ಆದರೆ ಈ ಕೊಟ್ಟೆಯ ಗೋಡೆ ಎಲೆಯದಲ್ಲ; ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಗಟ್ಟಿಯಾಗಿ ಕೂತ ಕೊಬ್ಬರಿ ಎಣ್ಣೆಯನ್ನು ಬಿಸಿಲಿಗಿಟ್ಟರೆ ಸಡಿಲವಾಗುತ್ತದಲ್ಲ, ಆ ಜಾತಿಯದು. ಕೊಬ್ಬರಿ ಎಣ್ಣೆ ಇಪ್ಪತ್ತೈದು ಡಿಗ್ರಿಯ ಹತ್ತಿರ ಸಡಿಲವಾದರೆ ಇದು ನಲವತ್ತೊಂದಕ್ಕೆ.”